ಕಾಲೇಜಿನ ಕೈಗೆ ಅದೃಷ್ಟದ ಚೀಟಿ

ಸರ್ಕಾರಿ ಕಾಲೇಜುಗಳಿಗೂ ಲಕ್ಕಿ ಡ್ರಾ ನಡೆಸಿ ಹಣ ಕೂಡಿಸಿಕೊಳ್ಳಲು ಅನುಮತಿ ಕೊಡಬೇಕು ಎಂಬ ಮಾತು ನನ್ನ ವೃತ್ತಿಬಾಂಧವರ ಬಾಯಲ್ಲಿ ಆಗಾಗ ಬರುತ್ತದೆ. ಅಧ್ಯಾಪಕರ ಕೊಠಡಿಯಲ್ಲಿ ಚಹಾ ಕುಡಿಯುವಾಗ ಬರುತ್ತದೆ. ಹಳೆಯ ವಿದ್ಯಾರ್ಥಿಗಳ ಸಂಘದ ಸಭೆಯಲ್ಲಿ ಬರುತ್ತದೆ. ಕಾಲೇಜಿನ ಹಿತಚಿಂತಕರಾದ ಊರಿನ ಗೃಹಸ್ಥರು ಬಂದು ಕುಳಿತಾಗಲೂ ಬರುತ್ತದೆ. ಆಡುವವರು ಕೆಟ್ಟವರಲ್ಲ. ಮಳೆಗಾಲದಲ್ಲಿ ಸೋರುವ ಪುಸ್ತಕಭಂಡಾರವನ್ನು ಕಂಡು ಮರುಗುವವರು, ಒಡೆದ ಬೀಕರಿನ ಜಾಗಕ್ಕೆ ತಮ್ಮ ಕೈಯಿಂದ ಹೊಸದನ್ನು ತಂದಿಡುವವರು ಅವರೇ. ಆದುದರಿಂದಲೇ ಅವರ ಮಾತಿಗೆ ಉತ್ತರ ಹೇಳುವುದು ಅಗತ್ಯವೆಂದು ನನಗೆ ತೋರುತ್ತದೆ. ಕೆಟ್ಟವರು ಕೊಡುವ ಕೆಟ್ಟ ಸಲಹೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಒಳ್ಳೆಯವರು ಕೊಡುವ ಕೆಟ್ಟ ಸಲಹೆ ಠರಾವಾಗಿಬಿಡುತ್ತದೆ.

ಅವರ ಸಲಹೆ ಇಷ್ಟು: ನೂರು ರೂಪಾಯಿಗೊಂದು ಚೀಟಿ. ಮೊದಲ ಬಹುಮಾನ ಒಂದು ಸ್ಕೂಟರು, ಎರಡನೆಯದು ಫ್ರಿಜ್ಜು, ಮೂರನೆಯದು ಮಿಕ್ಸರು, ಮಿಕ್ಕವರಲ್ಲಿ ಕೆಲವರಿಗೆ ಸಮಾಧಾನಕರ ಬಹುಮಾನವೆಂದು ಸ್ಟೀಲಿನ ಡಬ್ಬಿ. ವಾರ್ಷಿಕೋತ್ಸವದ ದಿನ ಶಾಸಕರ ಕೈಯಿಂದ ಚೀಟಿ ಎತ್ತಿಸುವುದು. ಉಳಿದ ಹಣದಲ್ಲಿ ಛಾವಣಿ ರಿಪೇರಿ. ಕೊಟ್ಟವರಿಗೂ ಸಂತೋಷ, ತೆಗೆದುಕೊಂಡವರಿಗೂ ಸಂತೋಷ, ಇದರಲ್ಲಿ ತಪ್ಪೇನು? ಗಣಪತಿಯ ಪೆಂಡಾಲಿನವರು ಮಾಡುವುದಿಲ್ಲವೆ, ಕ್ಲಬ್ಬಿನವರು ಮಾಡುವುದಿಲ್ಲವೆ, ಪಕ್ಕದ ಕೇರಳದ ಸರ್ಕಾರವೇ ಮಾಡುತ್ತಿಲ್ಲವೆ?

ಮೊದಲು ಕಾನೂನಿನ ಮಾತನ್ನು ಮುಗಿಸಿಬಿಡೋಣ. ಸರ್ಕಾರದ್ದಲ್ಲದ, ಸರ್ಕಾರದ ಅನುಮತಿಯೂ ಇಲ್ಲದ ಲಾಟರಿಯನ್ನು ಎತ್ತಲು ಕಚೇರಿಯನ್ನೋ ಸ್ಥಳವನ್ನೋ ಇಟ್ಟುಕೊಳ್ಳುವುದು ಈ ದೇಶದಲ್ಲಿ 1870ರಿಂದ ಅಪರಾಧ. ಹಳೆಯ ದಂಡಸಂಹಿತೆಯ 294-ಎ ಎಂಬ ಕಲಮು ಅದನ್ನು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 297ನೆಯ ಕಲಮು ಅದನ್ನೇ ಹೇಳುತ್ತದೆ. ಆರು ತಿಂಗಳವರೆಗೆ ಸೆರೆಮನೆ. ಪ್ರಕಟಣೆ ಹೊರಡಿಸಿದವನಿಗೆ ಐದು ಸಾವಿರದವರೆಗೆ ದಂಡ ಬೇರೆ. ಪೆಂಡಾಲಿನ ಹುಡುಗರನ್ನು ಪೊಲೀಸರು ಹಿಡಿಯುವುದಿಲ್ಲ, ನಿಜ. ಹಿಡಿಯಬೇಕೆಂದೂ ನಾನು ಹೇಳುವುದಿಲ್ಲ. ಹಬ್ಬದ ರಾತ್ರಿ ಹತ್ತು ರೂಪಾಯಿ ಕೊಟ್ಟು ಪ್ಲಾಸ್ಟಿಕ್ಕಿನ ಬಕೀಟು ಗೆದ್ದು ಬಂದವರ ಮೇಲೆ ನನಗೆ ಕೋಪವಿಲ್ಲ. ಕ್ಲಬ್ಬಿನವರ ವಿಷಯವೂ ಅಷ್ಟೆ. ಅವರು ತಮ್ಮ ಹಣವನ್ನು ತಮ್ಮೊಳಗೇ ಕೈಬದಲು ಮಾಡಿಕೊಳ್ಳುತ್ತಾರೆ. ಕೇರಳದ್ದು ಬೇರೆಯೇ ಪ್ರಕರಣ. 1967ರಲ್ಲಿ ಅಲ್ಲಿನ ಸರ್ಕಾರ ತಾನೇ ಲಾಟರಿ ಆರಂಭಿಸಿತು. ಅದರ ಹಣ ಖಜಾನೆಗೆ ಬರಬೇಕು, ಶಾಸನಸಭೆಯ ಕಣ್ಣಿಗೆ ಬೀಳಬೇಕು. ನನಗೆ ಅದೂ ಹಿಡಿಸದು. ಆದರೆ ಅದು ಯಾವ ಹುಡುಗನ ಕೈಗೂ ಚೀಟಿಯ ಪುಸ್ತಕ ಕೊಟ್ಟು ಮಾರಿಕೊಂಡು ಬಾ ಎನ್ನುವುದಿಲ್ಲ.

ನಮ್ಮ ರಾಜ್ಯವೂ ದಶಕಗಳ ಕಾಲ ಲಾಟರಿ ನಡೆಸಿ 2007ರಲ್ಲಿ ನಿಲ್ಲಿಸಿತು. ಆ ಕಾಲದ ಬಸ್‌ಸ್ಟ್ಯಾಂಡುಗಳನ್ನು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ‘ಇವತ್ತೇ ಡ್ರಾ, ಇವತ್ತೇ ಡ್ರಾ’ ಎಂದು ಮೈಕು ಕೂಗುವ ಅಂಗಡಿಯ ಮುಂದೆ, ದಿನಗೂಲಿಯನ್ನು ಆಗತಾನೆ ಪಡೆದ ಗಂಡಸರು ಗೋಡೆಗೆ ಅಂಟಿಸಿದ ಫಲಿತಾಂಶದಲ್ಲಿ ಬೆರಳಾಡಿಸುತ್ತ ನಿಂತಿರುತ್ತಿದ್ದರು. ಸರ್ಕಾರವೇ ಕೈತೊಳೆದುಕೊಂಡ ಆ ನೀರನ್ನು ಈಗ ಸರ್ಕಾರದ ಕಾಲೇಜು ತೀರ್ಥವೆಂದು ಕುಡಿಯಬೇಕಂತೆ.

ಇದು ಹೊಸ ಯೋಚನೆಯೆಂದು ತಿಳಿದವರಿಗೆ ಒಂದು ಹಳೆಯ ಕಥೆ ಹೇಳುತ್ತೇನೆ. ಅಮೆರಿಕದ ದೊಡ್ಡ ದೊಡ್ಡ ಕಾಲೇಜುಗಳೆಲ್ಲ ಈ ದಾರಿಯನ್ನು ನಮಗಿಂತ ಇನ್ನೂರು ವರ್ಷ ಮೊದಲೇ ತುಳಿದಿವೆ. ಹಾರ್ವರ್ಡ್ ಕಾಲೇಜು 1790ರ ದಶಕದಲ್ಲಿ ಲಾಟರಿ ನಡೆಸಿದಾಗ ಹತ್ತು ಸಾವಿರ ಡಾಲರಿನ ದೊಡ್ಡ ಬಹುಮಾನ ಬಂದದ್ದು ಕಾಲೇಜು ತಾನೇ ಇಟ್ಟುಕೊಂಡಿದ್ದ ಚೀಟಿಗೆ! ಮೋಸ ನಡೆಯಿತೆಂದು ನಾನು ಹೇಳುತ್ತಿಲ್ಲ. ನಮ್ಮ ಊರಿನಲ್ಲಿ ಪ್ರಿನ್ಸಿಪಾಲರ ಚೀಟಿಗೆ ಸ್ಕೂಟರು ಬಂದಿತೆಂದು ಊಹಿಸಿಕೊಳ್ಳಿ. ಆಮೇಲೆ ಆ ಪುಣ್ಯಾತ್ಮರು ಪೇಟೆಬೀದಿಯಲ್ಲಿ ಆ ಸ್ಕೂಟರಿನ ಮೇಲೆ ಹೋಗಬಲ್ಲರೆ?

ಇನ್ನೊಂದು ಪ್ರಸಂಗ ಇದಕ್ಕಿಂತ ಸ್ವಾರಸ್ಯವಾಗಿದೆ. 1814ರಲ್ಲಿ ನ್ಯೂಯಾರ್ಕ್ ರಾಜ್ಯದ ಶಾಸನಸಭೆ ತನ್ನ ಕಾಲೇಜುಗಳಿಗೆ ಹಣ ಒದಗಿಸಲು ಒಂದು ಲಾಟರಿಗೆ ಒಪ್ಪಿಗೆ ಕೊಟ್ಟಿತು. ಜನ ಅದನ್ನು ‘ಸಾಹಿತ್ಯ ಲಾಟರಿ’ ಎಂದು ಕರೆದರಂತೆ. (ಸಾಹಿತ್ಯಕ್ಕೂ ಲಾಟರಿಗೂ ಇರುವ ನಂಟು ನಮ್ಮ ಪ್ರಶಸ್ತಿಗಳ ಕಾಲದ್ದು ಎಂದುಕೊಂಡಿದ್ದೆ, ಬಹಳ ಪುರಾತನವೆಂದು ಆಗ ತಿಳಿಯಿತು.) ಯೂನಿಯನ್ ಕಾಲೇಜಿಗೆ ಅದರಲ್ಲಿ ಸಿಂಹಪಾಲು, ಎರಡು ಲಕ್ಷ ಡಾಲರು. ಆ ಕಾಲೇಜಿನ ಅಧ್ಯಕ್ಷ ಎಲಿಫಲೆಟ್ ನಾಟ್ ಎಂಬುವರು ಧರ್ಮಗುರುಗಳು, ವಾಗ್ಮಿಗಳು, ಕಾಲೇಜಿಗಾಗಿ ಜೀವ ತೇದವರು. ಲಾಟರಿ ನಡೆಸುವ ಕೆಲಸ ಕಾಲಕ್ರಮದಲ್ಲಿ ಖಾಸಗಿ ಕಂಪೆನಿಯ ಕೈಗೆ ಹೋಯಿತು; ಕಾಲೇಜಿನ ಪರವಾಗಿ ವ್ಯವಹಾರ ಮಾಡುವವರು ನಾಟ್ ಅವರೇ ಆದರು. ಕೊನೆಗೆ ಕಾಲೇಜಿನ ಹಣ ಯಾವುದು, ಅಧ್ಯಕ್ಷರ ಹಣ ಯಾವುದು ಎಂದು ಬಿಡಿಸಲಾಗದೆ, 1850ರ ಆಸುಪಾಸಿನಲ್ಲಿ ಶಾಸನಸಭೆಯ ವಿಚಾರಣೆಯೇ ನಡೆಯಬೇಕಾಯಿತು. ಅರವತ್ತು ವರ್ಷ ಒಂದು ಕಾಲೇಜನ್ನು ಆಳಿ ಬೆಳೆಸಿದ ವ್ಯಕ್ತಿಯ ಮುಪ್ಪಿಗೆ ಅಂಟಿದ ಮಸಿ ಅದು. ಅಷ್ಟರಲ್ಲಿ ರಾಜ್ಯಕ್ಕೂ ಸಾಕಾಗಿತ್ತು. 1833ರ ಹೊತ್ತಿಗೇ ನ್ಯೂಯಾರ್ಕ್ ತನ್ನ ಲಾಟರಿಗಳನ್ನೆಲ್ಲ ಮುಚ್ಚಿತ್ತು.

ಅದೇ 1814ರಲ್ಲಿ ಕೊಲಂಬಿಯ ಕಾಲೇಜೂ ಕೈಯೊಡ್ಡಿ ನಿಂತಿತ್ತು. ಅದಕ್ಕೆ ಲಾಟರಿಯ ಪಾಲು ಸಿಕ್ಕಲಿಲ್ಲ. ಸಮಾಧಾನಕರ ಬಹುಮಾನವೆಂಬಂತೆ, ಊರಾಚೆ ಒಬ್ಬ ವೈದ್ಯರು ಬೆಳೆಸಿ ಸರ್ಕಾರಕ್ಕೆ ಮಾರಿದ್ದ ಸುಮಾರು 20 ಎಕರೆಯ ಸಸ್ಯೋದ್ಯಾನವನ್ನು ಶಾಸನಸಭೆ ಅದರ ತಲೆಗೆ ಕಟ್ಟಿತು. ಕಾಲೇಜಿನವರು ಮುಖ ಸಣ್ಣದು ಮಾಡಿಕೊಂಡರು. ಊರು ಬೆಳೆಯಿತು, ಆ ತೋಟದ ಜಾಗದಲ್ಲಿ ಇಂದು ರಾಕ್‌ಫೆಲ್ಲರ್ ಸೆಂಟರ್ ನಿಂತಿದೆ. ಬಹುಕಾಲ ಬಾಡಿಗೆ ತಿಂದು, 1985ರಲ್ಲಿ ಕೊಲಂಬಿಯ ಆ ನೆಲವನ್ನು ನಲವತ್ತು ಕೋಟಿ ಡಾಲರಿಗೆ ಮಾರಿತು. ಇದೂ ಒಂದು ಅದೃಷ್ಟವೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಇರಬಹುದು. ಆದರೆ ಕೊಟ್ಟದ್ದು ಸರ್ಕಾರ, ಕೊಟ್ಟದ್ದು ನೆಲ.

ಹೋಗಲಿ, ಪರದೇಶದ ಮಾತು ಸಾಕು. ನನ್ನ ವಿರೋಧದ ಮೂಲ ಅಲ್ಲಿಲ್ಲ. ಚೀಟಿಯ ಪುಸ್ತಕವನ್ನು ಯಾರು ಮಾರುತ್ತಾರೆ ಎಂಬ ಪ್ರಶ್ನೆಯಲ್ಲಿದೆ. ಪ್ರಿನ್ಸಿಪಾಲರು ಮಾರುವುದಿಲ್ಲ. ಗುಮಾಸ್ತರು ಮಾರುವುದಿಲ್ಲ. ಹಿತಚಿಂತಕ ಗೃಹಸ್ಥರು ಹತ್ತು ಚೀಟಿ ಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಮಾರುವವನು ವಿದ್ಯಾರ್ಥಿ.

ಹಲವು ವರ್ಷಗಳ ಹಿಂದೆ, ಈಗಿನ ಕೆಲಸಕ್ಕೆ ಬರುವುದಕ್ಕೆ ಮೊದಲು, ನಾನು ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಅದರ ಹೆಸರು ಬೇಡ. ಎಲ್ಲ ಊರಿನಲ್ಲೂ ಅಂಥದೊಂದಿದೆ. ಅಲ್ಲಿ ಸಭಾಂಗಣದ ಕಟ್ಟಡಕ್ಕೆಂದು ಲಕ್ಕಿ ಡ್ರಾ ಏರ್ಪಾಡಾಯಿತು. ಒಬ್ಬೊಬ್ಬ ವಿದ್ಯಾರ್ಥಿಗೆ ಹತ್ತು ಚೀಟಿಗಳ ಒಂದೊಂದು ಪುಸ್ತಕ. ತರಗತಿಯಲ್ಲಿ ಪುಸ್ತಕ ಹಂಚುವ ಕೆಲಸ ನನಗೆ ಬೇಡವೆಂದೆ. ಸರಿ, ಹಾಗಾದರೆ ಹಿಂದಿರುಗಿ ಬಂದ ಅರ್ಧಚೀಟಿಗಳ ಲೆಕ್ಕ ಬರೆಯಿರಿ ಎಂದು ಆ ಮೂಟೆಯನ್ನು ನನ್ನ ಮೇಜಿನ ಮೇಲೆ ಇರಿಸಿದರು. ಆದ್ದರಿಂದ ಈ ವಿಷಯದಲ್ಲಿ ನಾನು ಆಡುವುದು ಕಣ್ಣಾರೆ ಕಂಡ ಮಾತು.

ಅರ್ಧಚೀಟಿಯ ಮೇಲೆ ಕೊಂಡವರ ಹೆಸರು ಬರೆದಿರಬೇಕಷ್ಟೆ. ನಾನು ಪುಸ್ತಕದ ಮೇಲೆ ಪುಸ್ತಕ ತಿರುವಿಹಾಕಿದೆ. ಮೊದಲ ಚೀಟಿ ತಂದೆಯ ಹೆಸರಿನಲ್ಲಿ, ಎರಡನೆಯದು ತಾಯಿ, ಮೂರನೆಯದು ಅಣ್ಣ, ನಾಲ್ಕನೆಯದು ತಂಗಿ, ಆಮೇಲೆ ಚಿಕ್ಕಪ್ಪ, ಸೋದರತ್ತೆ, ಅಜ್ಜಿ. ಎಲ್ಲವೂ ಒಂದೇ ಕೈಬರಹ, ಒಂದೇ ಪೆನ್ನು, ಒಂದೇ ದಿನದ ಬರವಣಿಗೆ. ನನ್ನ ಮುಂದಿರುವುದು ಲಾಟರಿಯ ಪುಸ್ತಕವೋ ರೇಷನ್ ಕಾರ್ಡೋ ಎಂದು ಅನುಮಾನವಾಗುವಂತಿತ್ತು. ಪೇಟೆಯ ಹುಡುಗರ ಪುಸ್ತಕಗಳು ಹಾಗಿರಲಿಲ್ಲ. ಅಂಗಡಿಯವರ, ಡಾಕ್ಟರ, ವಕೀಲರ ಹೆಸರುಗಳು ಅವುಗಳಲ್ಲಿ ಬೇರೆ ಬೇರೆ ಶಾಯಿಯಲ್ಲಿದ್ದವು. ಹಳ್ಳಿಯಿಂದ ಬಸ್ಸು ಹಿಡಿದು ಬರುವ ಹುಡುಗರಿಗೆ ಮಾರಲು ಯಾರಿದ್ದಾರೆ?

ಒಬ್ಬ ಹುಡುಗ ಪುಸ್ತಕ ಒಪ್ಪಿಸಲು ಬಂದ. ಬಡಕಲು ಹುಡುಗ, ಓದಿನಲ್ಲಿ ಚುರುಕು.

“ಎಲ್ಲ ಮಾರಿದೆಯೇನಪ್ಪ?”

“ಹತ್ತೂ ಆಯ್ತು ಸರ್.”

ತಿರುವಿ ನೋಡಿದೆ. ಮನೆಮಂದಿಯ ಹೆಸರುಗಳೇ. ನಗೆಯಾಡೋಣವೆಂದು ಕೇಳಿದೆ: “ಸ್ಕೂಟರು ನಿಮ್ಮಜ್ಜಿಗೇ ಬಂತು ಅನ್ನು. ಏನು ಮಾಡ್ತಾರೆ?”

“ಅಜ್ಜಿ ತೀರಿಕೊಂಡು ಎರಡು ವರ್ಷ ಆಯ್ತು ಸರ್. ಹತ್ತು ಹೆಸರು ಆಗಲಿಲ್ಲ, ಅದಕ್ಕೆ ಬರೆದೆ.”

ಅವನ ತಂದೆ ಬಸ್‌ಸ್ಟ್ಯಾಂಡಿನ ಹತ್ತಿರ ಎಳನೀರು ಮಾರುತ್ತಿದ್ದರು. ಹತ್ತು ಚೀಟಿಯ ಹಣ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಆ ಲಕ್ಕಿ ಡ್ರಾದಲ್ಲಿ ಒಂದು ಕಾಸಿನ ಮೋಸವೂ ನಡೆಯಲಿಲ್ಲ. ತುಂಬಿದ ಸಭೆಯಲ್ಲಿ, ಪುಟ್ಟ ಮಗುವಿನ ಕೈಯಿಂದ ಚೀಟಿ ಎತ್ತಿಸಿದರು. ಸ್ಕೂಟರು ಬಂದದ್ದು ಪುಸ್ತಕಗಟ್ಟಲೆ ಚೀಟಿ ಕೊಂಡಿದ್ದ ಬಟ್ಟೆ ಅಂಗಡಿಯ ಯಜಮಾನರೊಬ್ಬರಿಗೆ. ಹೆಚ್ಚು ಚೀಟಿ ಕೊಂಡವರಿಗೆ ಬರುವ ಸಂಭವ ಹೆಚ್ಚೆಂದು ಸಂಖ್ಯಾಶಾಸ್ತ್ರದ ಮಿತ್ರರು ವಿವರಿಸಿದರು. ಸಭಾಂಗಣವೂ ಆಮೇಲೆ ಎದ್ದಿತು. ಲಕ್ಕಿ ಡ್ರಾದ ಪರವಾಗಿ ಮಾತಾಡುವವರು ‘ಮೋಸವಾಗದಂತೆ ಕಟ್ಟುನಿಟ್ಟಾದ ನಿಯಮ ಮಾಡೋಣ’ ಎನ್ನುತ್ತಾರೆ. ನನ್ನ ತಕರಾರು ಮೋಸದ ಡ್ರಾದ ಮೇಲೆ ಅಲ್ಲವೇ ಅಲ್ಲ, ಅದಕ್ಕೆ ಪೊಲೀಸರಿದ್ದಾರೆ. ಪ್ರಾಮಾಣಿಕವಾಗಿ ನಡೆದ ಡ್ರಾದಲ್ಲಿ ಎಳನೀರು ಮಾರುವವರು ಸಭಾಂಗಣ ಕಟ್ಟಿಸಿದರು, ಅವರ ಹೆಸರು ಯಾವ ಕಲ್ಲಿನ ಮೇಲೂ ಬರಲಿಲ್ಲ, ತಕರಾರು ಅದು.

‘ಒತ್ತಾಯ ಮಾಡಕೂಡದು, ಸ್ವಇಚ್ಛೆಯಿಂದ ಮಾರಬೇಕು ಎಂದು ನಿಯಮದಲ್ಲಿಯೇ ಬರೆಯೋಣ’ ಎಂದು ಇನ್ನೊಬ್ಬರು ಹೇಳುತ್ತಾರೆ. ಸ್ವಾಮಿ, ಸ್ವಇಚ್ಛೆ ಎಂಬ ಪದ ಶಾಲೆ ಕಾಲೇಜುಗಳ ಗೋಡೆಯೊಳಗೆ ಏನರ್ಥ ಕೊಡುತ್ತದೆಂಬುದು ಕನ್ನಡ ಬಲ್ಲ ಎಲ್ಲರಿಗೂ ಗೊತ್ತು. ನಾವೆಲ್ಲ ಚಿಕ್ಕಂದಿನಲ್ಲಿ ಸ್ವಇಚ್ಛೆಯಿಂದ ಸ್ಟಿಕ್ಕರು ಮಾರಿದವರು, ಸ್ವಇಚ್ಛೆಯಿಂದ ಮೇಷ್ಟರ ವರ್ಗಾವಣೆಗೆ ಹಾರ ಕೊಂಡವರು. ಇಂದಿನ ಪದವಿ ತರಗತಿಯಲ್ಲಿ ಹಾಜರಿ ಹಾಕುವವನು ನಾನು. ಆಂತರಿಕ ಅಂಕ ಕೊಡುವವನು ನಾನು. ನಡತೆಯ ಪತ್ರಕ್ಕೆ ಮಾತು ಹೇಳಬೇಕಾದವನೂ ನಾನೇ. ಅದೇ ಕೈಯಿಂದ ನಾನು ಚೀಟಿಯ ಪುಸ್ತಕ ನೀಡಿ, ‘ಇಷ್ಟವಿದ್ದರೆ ಮಾತ್ರ ತಗೊಳ್ಳಮ್ಮ’ ಎಂದರೆ ಆ ಹುಡುಗಿ ಏನು ಮಾಡಬೇಕು? ನನ್ನ ಮನಸ್ಸಿನಲ್ಲಿ ಕಲ್ಮಷವಿಲ್ಲದಿರಬಹುದು. ಅವಳ ಮನಸ್ಸಿನಲ್ಲಿ ಹುಟ್ಟುವ ಅನುಮಾನಕ್ಕೆ ನನ್ನ ನಿಷ್ಕಲ್ಮಷತೆ ಮದ್ದಲ್ಲ. ಮುಂದೆ ಅವಳಿಗೆ ನಿಜವಾಗಿಯೇ ಕಡಿಮೆ ಅಂಕ ಬಂದಾಗ, ಪ್ರಬಂಧ ಕೆಟ್ಟದಾಗಿತ್ತೆಂದು ನಾನು ಹೇಳಿದರೆ ಅವಳು ನಂಬಬೇಕೇಕೆ? ಅಧ್ಯಾಪಕನಿಗೆ ಇರುವ ಆಸ್ತಿ ಈ ನಂಬಿಕೆಯೊಂದೇ.

ಚೀಟಿಯ ಬದಲು ದಾನ ಕೇಳಿದರೆ ಯಾರು ಕೊಡುತ್ತಾರೆ, ಜನಕ್ಕೆ ಏನಾದರೊಂದು ಆಸೆ ತೋರಿಸಬೇಕು ಎನ್ನುವ ಜಾಣರೂ ಇದ್ದಾರೆ. ಈ ಮಾತು ಕೇಳಿದಾಗ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಯಾವ ನಾಡಿನಲ್ಲಿ ನಿಂತು ಈ ಮಾತಾಡುತ್ತಿದ್ದೇವೆ? ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು ಅರಟಾಳ ರುದ್ರಗೌಡರೂ ರೊದ್ದ ಶ್ರೀನಿವಾಸರಾಯರೂ ಜನರ ಬಳಿ ಹೋಗಿ ಹಣ ಕೂಡಿಸಿದ್ದರಿಂದ. ಸರ್ಕಾರದ ಮನಸ್ಸು ಕರಗಿದ್ದು ಜನರ ದುಡ್ಡು ಕಂಡ ಮೇಲೆ. ಅದರ ಹಿಂದಿನ ವರ್ಷ ಬೆಳಗಾವಿಯಲ್ಲಿ ಏಳು ಜನ ಅಧ್ಯಾಪಕರು, ಸಂಬಳವನ್ನು ನೆಚ್ಚಿದ ನಮ್ಮಂಥವರೇ, ಒಂದು ವಿದ್ಯಾಸಂಸ್ಥೆಯನ್ನು ಕಟ್ಟಿದರು, ಇಂದು ಕೆ.ಎಲ್.ಇ. ಎಂಬ ಮೂರಕ್ಷರಕ್ಕೆ ಪರಿಚಯ ಬೇಕಿಲ್ಲ. ಸಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನೇ ವಿದ್ಯಾರ್ಥಿಗಳಿಗೆಂದು ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ತಾತಾ ಅವರ ವಿಜ್ಞಾನಮಂದಿರಕ್ಕೆ ಮೈಸೂರು ಸಂಸ್ಥಾನ 371 ಎಕರೆ ನೆಲ ಕೊಟ್ಟಿತು. ದೊಡ್ಡವರ ಮಾತು ಹಾಗಿರಲಿ, ಮಠಗಳ ಉಚಿತ ಪ್ರಸಾದನಿಲಯಗಳಿಗೆ ಹಳ್ಳಿಯವರು ಗಾಡಿಯಲ್ಲಿ ಜೋಳದ ಚೀಲ ತಂದು ಇಳಿಸಿ ಹೋದದ್ದು ಯಾವ ಸ್ಕೂಟರಿನ ಆಸೆಗೆ? ಆ ಅನ್ನ ತಿಂದು ಓದಿದವರು ಈ ಪತ್ರಿಕೆಯ ವಾಚಕರಲ್ಲಿಯೂ ಬೇಕಾದಷ್ಟು ಮಂದಿ ಇದ್ದಾರು.

ಕೊಡುವವನಿಗೂ ಕೊಳ್ಳುವವನಿಗೂ ಅಂತರವಿದೆ. ಐನೂರು ರೂಪಾಯಿ ದಾನ ಕೊಟ್ಟ ಹಳೆಯ ವಿದ್ಯಾರ್ಥಿ ಮಾರನೆಯ ವರ್ಷ ಬಂದು ‘ಛಾವಣಿ ಎಲ್ಲಿಗೆ ಬಂತು?’ ಎಂದು ಕೇಳುತ್ತಾನೆ. ಚೀಟಿ ಕೊಂಡವನು ‘ನನ್ನ ನಂಬರು ಬಂತೆ?’ ಎಂದು ಕೇಳುತ್ತಾನೆ; ಬರಲಿಲ್ಲವೆಂದರೆ ಚೀಟಿ ಹರಿದುಹಾಕಿ ಕಾಲೇಜನ್ನೂ ಮರೆಯುತ್ತಾನೆ. ಲೆಕ್ಕ ಕೇಳುವವರು ಬೇಡವೆಂಬ ಆಡಳಿತಗಾರರಿಗೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಇನ್ನೊಂದಿಲ್ಲ.

ಲಾಭದ ದೃಷ್ಟಿಯಿಂದಲಾದರೂ ಇದು ಸರಿಯೇ ಎಂದು ನೋಡೋಣ. ನಾನು ಕನ್ನಡದ ಮೇಷ್ಟರು. ಆದರೂ ಇಷ್ಟು ಕೂಡಿಸಿ ಕಳೆಯಬಲ್ಲೆ. ಮೂರು ಸಾವಿರ ಚೀಟಿ ಮಾರಿದರೆ ಮೂರು ಲಕ್ಷ. ಸ್ಕೂಟರಿಗೆ ತೊಂಬತ್ತು ಸಾವಿರ, ಫ್ರಿಜ್ಜು ಮಿಕ್ಸರು ಡಬ್ಬಿಗಳಿಗೆ ಮೂವತ್ತು ಸಾವಿರ. ಅಚ್ಚು, ಶಾಮಿಯಾನ, ಮೈಕು, ಹಾರ, ಅತಿಥಿಗಳ ಊಟ ಎಂದು ಇನ್ನೊಂದು ಮೂವತ್ತು ಸಾವಿರ ಹಿಡಿಯೋಣ. ಉಳಿದದ್ದು ಒಂದೂವರೆ ಲಕ್ಷ. ಮುನ್ನೂರು ಜನ ಹಳೆಯ ವಿದ್ಯಾರ್ಥಿಗಳು ತಲಾ ಐನೂರು ಕೊಟ್ಟರೆ ಅಷ್ಟೇ ಹಣ, ಶಾಮಿಯಾನದ ಕಾಟವಿಲ್ಲದೆ ಬರುತ್ತದೆ. ಇನ್ನು ಸ್ಕೂಟರು ಗೆದ್ದವರ ಪಾಡು ಕೇಳಿ. ಲಾಟರಿಯ ಗೆಲುವಿನ ಮೇಲೆ ಶೇಕಡ 30 ಆದಾಯ ತೆರಿಗೆ. ಬಹುಮಾನ ವಸ್ತುವಿನ ರೂಪದಲ್ಲಿದ್ದರೆ ತೆರಿಗೆ ಸಂದಾಯವಾಗುವತನಕ ಅದನ್ನು ಬಿಟ್ಟುಕೊಡಕೂಡದು. ಎಳನೀರಿನವರಿಗೇ ಸ್ಕೂಟರು ಬಂದಿದ್ದರೆ, ಅದನ್ನು ಮನೆಗೆ ಒಯ್ಯಲು ಮೊದಲು ಇಪ್ಪತ್ತೇಳು ಸಾವಿರ ಹೊಂದಿಸಬೇಕಿತ್ತು.

ಈಗ ಈ ಸಲಹೆಯಿಂದ ಯಾರಿಗೆ ಹಗುರಾಗುತ್ತದೆ ಎಂಬ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ರಾಜ್ಯದಲ್ಲಿ ನಾನೂರಕ್ಕೂ ಮೇಲ್ಪಟ್ಟು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. 2022ರ ಆರಂಭದಲ್ಲಿ ಅವುಗಳಲ್ಲಿ ಪಾಠ ಹೇಳುತ್ತಿದ್ದ ಅತಿಥಿ ಉಪನ್ಯಾಸಕರೇ ಹತ್ತು ಸಾವಿರವನ್ನು ಮೀರಿದ್ದರು. ವರ್ಷಗಟ್ಟಲೆ ಇದ್ದರೂ ‘ಅತಿಥಿ’ಗಳು, ಅತಿಥಿಯನ್ನು ಇಷ್ಟು ಕಾಲ ಊಟಕ್ಕೆ ಕೂರಿಸದೆ ಬಾಗಿಲಲ್ಲೇ ನಿಲ್ಲಿಸಿದ ಮನೆ ಬೇರೊಂದಿರಲಾರದು. ಕೊಠಾರಿ ಆಯೋಗ 1966ರಲ್ಲಿ ರಾಷ್ಟ್ರದ ಆದಾಯದಲ್ಲಿ ಶೇಕಡ 6ನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂದು ಹೇಳಿತು. 1968ರ ಶಿಕ್ಷಣ ನೀತಿ ಅದನ್ನು ಒಪ್ಪಿತು; 2020ರ ನೀತಿ ಮತ್ತೆ ಅದನ್ನೇ ಬರೆಯಿತು. ಎರಡು ತಲೆಮಾರು ಕಳೆದರೂ ಆ ಆರು ನೀತಿಯ ಹಾಳೆಯಿಂದ ಕೆಳಗಿಳಿದಿಲ್ಲ. ಹೀಗಿರುವಾಗ ಕಾಲೇಜುಗಳು ಚೀಟಿ ಮಾರಿ ಛಾವಣಿ ಹೊದಿಸಿಕೊಳ್ಳತೊಡಗಿದರೆ, ವಿಧಾನಸೌಧದ ಯಾವ ಅಧಿಕಾರಿ ಮುಂದಿನ ವರ್ಷ ರಿಪೇರಿಯ ಬಾಬ್ತಿಗೆ ಹಣ ಬರೆಯುತ್ತಾನೆ? ‘ಆ ಊರಿನವರು ತಾವೇ ಮಾಡಿಕೊಂಡರಲ್ಲ, ನಿಮಗೇನು ಕಷ್ಟ?’ ಎಂಬ ಓಲೆ ನಮಗೆ ಬರುತ್ತದೆ. ಪೇಟೆಯ ಕಾಲೇಜು ಸ್ಕೂಟರು ಇಟ್ಟು ಮಾರುತ್ತದೆ. ಗಡಿನಾಡಿನ ತಾಲೂಕಿನ ಕಾಲೇಜು ಸ್ಟೀಲಿನ ಡಬ್ಬಿ ಇಟ್ಟು ಮಾರುತ್ತದೆ. ಸೋರುವುದು ಮಾತ್ರ ಎರಡನೆಯದರ ಛಾವಣಿಯೇ ಹೆಚ್ಚು.

ಇದರಲ್ಲೊಂದು ವಿನೋದವೂ ಉಂಟು. ಸರ್ಕಾರಿ ಪದವಿ ಕಾಲೇಜಿನ ಅಭಿವೃದ್ಧಿ ಸಮಿತಿಗೆ ಅಧ್ಯಕ್ಷರು ಆ ಕ್ಷೇತ್ರದ ಶಾಸಕರು. ಆಯವ್ಯಯಕ್ಕೆ ಕೈಯೆತ್ತುವವರು ಅವರೇ. ನಮ್ಮ ಕಾಲೇಜಿನ ಕೊರತೆಯನ್ನು ಸದನದಲ್ಲಿ ಹೇಳಬೇಕಾದವರು ಅವರೇ. ಅವರನ್ನು ವೇದಿಕೆಗೆ ಕರೆದು, ಹಾರ ಹಾಕಿ, ಡಬ್ಬಿಯೊಳಗೆ ಕೈಹಾಕಿಸಿ ಚೀಟಿ ಎತ್ತಿಸಿ ಚಪ್ಪಾಳೆ ತಟ್ಟುವುದೆಂದರೆ, ಸಾಲ ತೀರಿಸಬೇಕಾದವನನ್ನು ಮದುವೆಗೆ ಕರೆದು ತಾಂಬೂಲ ಕೊಟ್ಟು ಕಳಿಸಿದಂತೆ.

ಜೂಜಿನ ಮಾತನ್ನು ನಾನು ಕೊನೆಗೆ ಇಟ್ಟುಕೊಂಡೆ; ಅದನ್ನು ಮೊದಲೇ ಎತ್ತಿದರೆ ‘ಮೇಷ್ಟರು ನೀತಿಬೋಧೆ ಶುರುಮಾಡಿದರು’ ಎಂದು ವಾಚಕರು ಪುಟ ತಿರುವುತ್ತಿದ್ದರು. ಬೆಂಗಳೂರಿನಿಂದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಹೊರಡುತ್ತಿತ್ತು. ಅದು ನಡೆಸುತ್ತಿದ್ದ ಪದಬಂಧದ ಬಹುಮಾನ ಸ್ಪರ್ಧೆಯ ಮೇಲೆ ಮುಂಬಯಿ ರಾಜ್ಯ ತೆರಿಗೆ ಹಾಕಿದ್ದರಿಂದ ಎದ್ದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1957ರಲ್ಲಿ ಮುಖ್ಯ ನ್ಯಾಯಾಧೀಶ ಎಸ್.ಆರ್. ದಾಸ್ ತೀರ್ಪು ಬರೆಯುತ್ತ ಋಗ್ವೇದದ ಜೂಜುಗಾರನ ಸೂಕ್ತವನ್ನೂ ಮಹಾಭಾರತವನ್ನೂ ನೆನೆದು, ಜೂಜು ಸಂವಿಧಾನ ಕಾಪಾಡುವ ವ್ಯಾಪಾರಗಳ ಸಾಲಿಗೇ ಸೇರದೆಂದು ಹೇಳಿದರು. ಕೌಟಿಲ್ಯ ಜೂಜಿನ ಕಟ್ಟೆಗಳಿಂದ ಗೆದ್ದದ್ದರಲ್ಲಿ ನೂರಕ್ಕೆ ಐದು ಕಿತ್ತುಕೊಂಡದ್ದುಂಟು. ಆದರೆ ಅವನು ಅಲ್ಲಿ ಅಧ್ಯಕ್ಷನನ್ನು ಕೂರಿಸಿದ್ದು ಕಳ್ಳರನ್ನು ಪತ್ತೆಹಚ್ಚಲು. ಗುರುಕುಲಕ್ಕೆ ಛಾವಣಿ ಹೊದಿಸಲೆಂದು ಅವನೂ ಹೇಳಲಿಲ್ಲ.

ನನ್ನ ತರಗತಿಯ ಹುಡುಗರಲ್ಲಿ ಕೆಲವರು ಮೊಬೈಲಿನಲ್ಲಿ ಪಂದ್ಯ ಕಟ್ಟಿ, ಸೋತು, ಅಪ್ಪ ಕಳಿಸಿದ ಹಣವನ್ನು ಕಳೆದುಕೊಂಡದ್ದನ್ನು ಬಲ್ಲೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿತು. ಆ ಹುಡುಗರಿಗೆ ನಾನು ಸಭಾಪರ್ವದ ಪಾಠ ಹೇಳಬೇಕು. ಧರ್ಮರಾಯ ಒಂದೊಂದೇ ಪಣ ಒಡ್ಡಿ ಕೊನೆಗೆ ತಮ್ಮಂದಿರನ್ನೂ ತನ್ನನ್ನೂ ಹೆಂಡತಿಯನ್ನೂ ಒಡ್ಡುವ ಭಾಗ ಮುಗಿಸಿ, ಪುಸ್ತಕ ಮುಚ್ಚಿ, ಮೇಜಿನ ಸೆಳೆಖಾನೆಯಿಂದ ಚೀಟಿಯ ಪುಸ್ತಕ ತೆಗೆದು ‘ನಾಳೆಯೊಳಗೆ ಹತ್ತೂ ಮಾರಿ ತನ್ನಿ’ ಎನ್ನಬೇಕೆ? ಕಡೆಯ ಬೆಂಚಿನ ಹುಡುಗ ನಗದೆ ಇರುವನೆ?

ನಮ್ಮ ಕಾಲೇಜಿಗೆ ಏನೇನು ಬೇಕು, ಒಂದೊಂದಕ್ಕೆ ಎಷ್ಟಾಗುತ್ತದೆ ಎಂಬ ಪಟ್ಟಿಯನ್ನು ಗೆಳೆಯರ ಜೊತೆ ಕುಳಿತು ಬರೆದಿದ್ದೇನೆ. ಪುಸ್ತಕಭಂಡಾರದ ಛಾವಣಿ, ರಸಾಯನಶಾಸ್ತ್ರದ ಕೋಣೆಯ ನಲ್ಲಿಗಳು, ಹುಡುಗಿಯರ ಶೌಚಾಲಯದ ಬಾಗಿಲು. ಒಟ್ಟು ಹದಿನಾಲ್ಕು ಬಾಬ್ತುಗಳು. ಹೆಬ್ಬಾಗಿಲಿನ ಸೂಚನಾಫಲಕದಲ್ಲಿ ಅದನ್ನು ಅಂಟಿಸಬೇಕು, ಯಾರು ಏನು ಕೊಟ್ಟರೂ ಅದರ ಎದುರಿಗೇ ಹೆಸರು ಮೊತ್ತ ಬರೆಯಬೇಕು, ಕೊಟ್ಟದ್ದು ಐವತ್ತು ರೂಪಾಯಿಯಾದರೂ ರಸೀತಿ ಕೊಡಬೇಕು ಎಂದು ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟಿದ್ದೇವೆ. ಅಭಿವೃದ್ಧಿ ಸಮಿತಿಯ ಮುಂದಿನ ಸಭೆಗೆ ಶಾಸಕರು ಬಂದಾಗ ಅದೇ ಪಟ್ಟಿಯನ್ನು ಮೊದಲನೆಯ ವಿಷಯವಾಗಿ ಮಂಡಿಸಬೇಕು. ಅವರು ಏನು ಉತ್ತರ ಕೊಟ್ಟರೆಂಬುದನ್ನು ನಡವಳಿಯಲ್ಲಿ ಬರೆದು, ಅದರ ಪ್ರತಿಯನ್ನೂ ಅದೇ ಫಲಕದಲ್ಲಿ, ಪಟ್ಟಿಯ ಪಕ್ಕಕ್ಕೆ ಅಂಟಿಸಬೇಕೆಂದೂ ಕೇಳಿದ್ದೇವೆ.